ಫ್ಲೂ ಶಾಟ್ ಆದ್ಮೇಲೆ ಭುಜ ಎತ್ತೋಕಾಗ್ತಿಲ್ವಾ? ಅಮೆರಿಕದಲ್ಲಿ ಪರಿಹಾರ ಕೇಳೋ ದಾರಿ

ಮೊದಲು ನನ್ನ ಕಥೆ ಹೇಳ್ಬಿಡ್ತೀನಿ, ಆಮೇಲೆ ಮಿಕ್ಕಿದ್ದೆಲ್ಲ ಬೇಗ ಅರ್ಥ ಆಗುತ್ತೆ. ಅಕ್ಟೋಬರ್ ತಿಂಗಳು, ಆಫೀಸ್ ಮುಗಿಸ್ಕೊಂಡು ಬರ್ತಾ ದಾರೀಲಿ ಒಂದು ಫಾರ್ಮಸಿಗೆ ಹೋಗಿ ಫ್ಲೂ ಶಾಟ್ ಹಾಕಿಸ್ಕೊಂಡೆ. ನಾನು ಕುರ್ಚಿ ಮೇಲೆ ಕೂತಿದ್ದೆ, ಚುಚ್ಚೋರು ನಿಂತೇ ಇದ್ರು, ನಾನು ಹಾಕಿದ್ದು ಉದ್ದ ತೋಳಿನ ಬಿಗಿ ಶರ್ಟು, ತೋಳು ಮಡಚೋಕೆ ಹೋದ್ರೆ ಮೊಣಕೈ ದಾಟಿ ಮೇಲೇಳ್ತಿಲ್ಲ, ಹಿಂದೆ ಕ್ಯೂ ಬೇರೆ ಇದೆ, ಸರಿ ಅಂತ ಮೇಲಿನ ಎರಡು ಗುಂಡಿ ಬಿಚ್ಚಿ ಕಾಲರ್ ಪಕ್ಕಕ್ಕೆ ಎಳೆದು ಭುಜ ತೋರಿಸ್ದೆ. ಅಲ್ಲೇ ಎಡವಟ್ಟಾಗಿದ್ದು. ಹಂಗೆ ಬಟ್ಟೆ ಸರಿಸಿದ್ರೆ ಕಾಣೋದು ಭುಜದ ತುದಿ ಮಾತ್ರ, ಸೂಜಿ ಹೋಗ್ಬೇಕಾದ ದಪ್ಪ ಮಾಂಸಖಂಡ ಅದಕ್ಕಿಂತ ಎರಡು ಮೂರು ಬೆರಳು ಕೆಳಗಿರುತ್ತೆ. ಚುಚ್ಚಿದ ಕೂಡ್ಲೇ ಒಳಗೆ ಚುರ್ ಅಂತು, ಆದ್ರೆ ಇಂಜೆಕ್ಷನ್ ಅಂದ್ಮೇಲೆ ನೋಯುತ್ತಪ್ಪ ಅಂದ್ಕೊಂಡೆ.

ಅವತ್ತು ರಾತ್ರಿ ಎಡ ಮಗ್ಗುಲಿಗೆ ಮಲಗೋಕಾಗ್ಲಿಲ್ಲ. ಬೆಳಿಗ್ಗೆ ಕಾರಲ್ಲಿ ಕೂತು ಸೀಟ್ ಬೆಲ್ಟ್ ಎಳ್ಕೊಳ್ಳೋಣ ಅಂದ್ರೆ ಎಡಗೈ ಕಿವಿ ಮಟ್ಟಕ್ಕೂ ಏಳ್ತಿಲ್ಲ, ಬಲಗೈ ಅಡ್ಡ ಹಾಕಿ ಎಳ್ಕೋಬೇಕಾಯ್ತು. ಮನೇಲಿ, ಆಫೀಸಲ್ಲಿ, ಫೋನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಸೂಜಿ ನೋವು, ಎರಡು ದಿನ ಇರುತ್ತೆ ಹೋಗುತ್ತೆ. ನಾನೂ ನಂಬಿದೆ. ಹತ್ತು ವಾರ ನಂಬಿದೆ. ಆ ಹತ್ತು ವಾರ ಮುಂದೆ ನನ್ನ ಕೇಸನ್ನೇ ನುಂಗಿಹಾಕ್ತಿತ್ತು, ಸ್ವಲ್ಪದ್ರಲ್ಲಿ ಬಚಾವಾದೆ. ಅದಕ್ಕೇ ಈಗ್ಲೇ ಹೇಳ್ತೀನಿ, ಕೋರ್ಟಿಗೆ ಅರ್ಜಿ ಹೋಗೋದಕ್ಕೆ ಎಷ್ಟೋ ಮೊದ್ಲೇ, ನೀವು ಮೊದಲನೇ ಸಲ ಡಾಕ್ಟರ ಹತ್ರ ಹೋದ ದಿನಾನೇ ಈ ಕೇಸು ಅರ್ಧ ಗೆದ್ದಿರುತ್ತೆ ಇಲ್ಲಾ ಅರ್ಧ ಸೋತಿರುತ್ತೆ.

ನಾನು ಲಾಯರ್ ಅಲ್ಲ, ಈ ದಾರೀಲಿ ಒಂದ್ಸಲ ನಡೆದು ಬಂದವನು ಅಷ್ಟೇ. ಮತ್ತೆ ವ್ಯಾಕ್ಸಿನ್ ವಿರೋಧಿನೂ ಅಲ್ಲ, ಈಗ್ಲೂ ಪ್ರತಿ ವರ್ಷ ಫ್ಲೂ ಶಾಟ್ ಹಾಕಿಸ್ಕೊತೀನಿ, ಇನ್ನೊಂದು ಕೈಗೆ.

ಈ ನೋವಿಗೆ ಹೆಸರಿದೆ

ಡಾಕ್ಟರುಗಳು, ಲಾಯರುಗಳು ಇದನ್ನ ಸಿರ್ವಾ ಅಂತಾರೆ, ಬಿಡಿಸಿ ಹೇಳಿದ್ರೆ ವ್ಯಾಕ್ಸಿನ್ ಚುಚ್ಚಿದ ರೀತಿಯಿಂದ ಆದ ಭುಜದ ಗಾಯ. 2010ರಲ್ಲಿ 13 ಜನರ ಕೇಸುಗಳನ್ನ ಇಟ್ಕೊಂಡು ಒಂದು ವೈದ್ಯಕೀಯ ಲೇಖನ ಬಂತು, ಈ ಹೆಸರು ಬಳಕೆಗೆ ಬಂದಿದ್ದು ಅಲ್ಲಿಂದ. ವಿಷಯ ಏನಪ್ಪಾ ಅಂದ್ರೆ, ಭುಜದ ಮೂಳೆ ಕೆಳಗೆ ಬರ್ಸಾ ಅಂತ ಒಂದು ತೆಳು ಚೀಲ ಇರುತ್ತೆ, ಮೂಳೆ ಸ್ನಾಯು ಒಂದಕ್ಕೊಂದು ಉಜ್ಜದ ಹಾಗೆ ನೋಡ್ಕೊಳ್ಳೋದು ಅದರ ಕೆಲಸ. ಸೂಜಿ ತುಂಬಾ ಮೇಲೆ ಬಿದ್ರೆ ಮದ್ದು ಮಾಂಸಖಂಡಕ್ಕೆ ಹೋಗೋ ಬದಲು ಆ ಚೀಲದೊಳಗೆ ಇಳಿಯುತ್ತೆ, ವ್ಯಾಕ್ಸಿನ್ ಕೆಲಸಾನೇ ದೇಹದ ರಕ್ಷಣಾ ವ್ಯವಸ್ಥೆನ ಎಬ್ಬಿಸೋದಲ್ವಾ, ಅದು ಅಲ್ಲೇ ಶುರು ಹಚ್ಕೊಳುತ್ತೆ, ಉರಿಯೂತ ಆಗುತ್ತೆ. ರಿಪೋರ್ಟಲ್ಲಿ ಬರ್ಸೈಟಿಸ್, ಟೆಂಡಿನೈಟಿಸ್, ರೊಟೇಟರ್ ಕಫ್, ಫ್ರೋಜನ್ ಶೋಲ್ಡರ್ ಹಿಂಗೆ ಬೇರೆ ಬೇರೆ ಹೆಸರು ಬರಬಹುದು, ಸಿರ್ವಾ ಅನ್ನೋ ಪದ ಇಲ್ಲದೇನೂ ಇರಬಹುದು. ಅದಕ್ಕೆ ತಲೆ ಕೆಡಿಸ್ಕೋಬೇಡಿ, ಪದಕ್ಕಿಂತ ತಾರೀಕು ಮುಖ್ಯ.

ಎಲ್ಲಾ ನೋವೂ ಇದಲ್ಲ ಮತ್ತೆ. ಚುಚ್ಚಿದ ಜಾಗದಲ್ಲಿ ಸ್ವಲ್ಪ ಊತ, ಮುಟ್ಟಿದ್ರೆ ನೋವು, ಎರಡು ಮೂರು ದಿನಕ್ಕೆ ಕಮ್ಮಿ ಆಗೋದು ಮಾಮೂಲು. ಕೈ ಮೇಲೆತ್ತೋಕೆ, ಬೆನ್ನ ಹಿಂದೆ ತಿರುಗಿಸೋಕೆ ಆಗದೆ ವಾರಗಟ್ಟಲೆ ಉಳಿಯೋದು ಬೇರೆ ಕಥೆ.

ಕೇಸು ಹಾಕೋದು ಯಾರ ಮೇಲೆ

ಎಲ್ಲರೂ ಮೊದಲು ಕೇಳೋ ಪ್ರಶ್ನೆ, ಫಾರ್ಮಸಿ ಮೇಲಾ, ಕಂಪನಿ ಮೇಲಾ ಅಂತ. ಎರಡೂ ಅಲ್ಲ. 1986ರಲ್ಲಿ ಅಮೆರಿಕ ಸಂಸತ್ತು ಒಂದು ಕಾನೂನು ಮಾಡ್ತು, ಅದರ ಕೆಳಗೆ ಶುರುವಾಗಿದ್ದು ರಾಷ್ಟ್ರೀಯ ವ್ಯಾಕ್ಸಿನ್ ಗಾಯ ಪರಿಹಾರ ಯೋಜನೆ, ಎಲ್ಲರೂ ವಿಐಸಿಪಿ ಅಂತಾರೆ, 1988ರ ಅಕ್ಟೋಬರಿಂದ ನಡೀತಿದೆ. ಈ ಯೋಜನೆಗೆ ಸೇರಿದ ವ್ಯಾಕ್ಸಿನ್ ಆದ್ರೆ, ಸಾವಿರ ಡಾಲರ್‌ಗಿಂತ ಜಾಸ್ತಿ ಪರಿಹಾರ ಬೇಕು ಅನ್ನೋರು ಮೊದಲು ಇಲ್ಲಿಗೇ ಬರಬೇಕು, ಚುಚ್ಚಿದವರ ಮೇಲಾಗ್ಲಿ ತಯಾರಿಸಿದ ಕಂಪನಿ ಮೇಲಾಗ್ಲಿ ಸೀದಾ ಕೇಸು ಹಾಕೋ ಹಾಗಿಲ್ಲ.

ಕಾಗದದ ಮೇಲೆ ನಿಮ್ಮ ಎದುರಾಳಿ ಫೆಡರಲ್ ಆರೋಗ್ಯ ಇಲಾಖೆಯ ಕಾರ್ಯದರ್ಶಿ, ಅವರ ಪರವಾಗಿ ವಾದ ಮಾಡೋದು ನ್ಯಾಯ ಇಲಾಖೆಯ ಲಾಯರುಗಳು, ಕೇಳೋದು ವಾಷಿಂಗ್ಟನ್‌ನಲ್ಲಿರೋ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ನ ಸ್ಪೆಷಲ್ ಮಾಸ್ಟರ್ ಅನ್ನೋ ಅಧಿಕಾರಿಗಳು. ಜ್ಯೂರಿ ಇಲ್ಲ. ದುಡ್ಡು ಬರೋದು ಒಂದು ನಿಧಿಯಿಂದ, ವ್ಯಾಕ್ಸಿನ್‌ನ ಪ್ರತಿ ಡೋಸಿನ ಮೇಲೆ ಅದು ತಡೆಯೋ ಒಂದೊಂದು ಕಾಯಿಲೆಗೂ 75 ಸೆಂಟ್ ತೆರಿಗೆ ಇದೆ, ಫ್ಲೂ ಶಾಟಿಗೆ 75 ಸೆಂಟ್, ಮೂರು ಕಾಯಿಲೆ ತಡೆಯೋ ಎಂಎಂಆರ್‌ಗೆ ಎರಡೂಕಾಲು ಡಾಲರ್, ಆ ತೆರಿಗೆ ಹಣಾನೇ ಸೇರಿ ಸೇರಿ ನಿಧಿ ಆಗಿದೆ. ಹಾಗಾಗಿ ಆ ಫಾರ್ಮಸಿ ಹುಡುಗನ ಕೆಲಸ ಹೋಗುತ್ತೇನೋ, ಪಾಪ, ಅಂತ ಹಿಂಜರಿಯೋರು ಇದ್ರೆ ಹಿಂಜರಿಯೋದು ಬೇಡ. ಅವನು ತಪ್ಪು ಮಾಡಿದ ಅಂತ ನೀವು ಸಾಬೀತು ಮಾಡೋ ಅಗತ್ಯಾನೇ ಇಲ್ಲ, ಇಷ್ಟು ಮೇಲೆ ಚುಚ್ಚಿದ ಅಂತ ಅಳತೆ ತೋರಿಸೋದೂ ಬೇಡ.

ಇಲ್ಲೊಂದು ಗುಂಡಿ ಇದೆ, ನೋಡ್ಕೊಂಡು ನಡೀರಿ. ನೀವು ಫಾರ್ಮಸಿಗೆ ಫೋನ್ ಮಾಡಿ ಗಲಾಟೆ ಮಾಡಿದ್ರೆ ಅವರ ಇನ್ಶೂರೆನ್ಸ್ ಕಡೆಯವರು ನಯವಾಗಿ ಮಾತಾಡಿ ನಿಮ್ಮ ಡಾಕ್ಟರ್ ಬಿಲ್ ಕೊಟ್ಬಿಡ್ತೀವಿ, ಇಲ್ಲೊಂದು ಸೈನ್ ಹಾಕಿ ಅನ್ನಬಹುದು. ಹಾಕ್ಬೇಡಿ. ಇದೇ ಗಾಯಕ್ಕೆ ಕೋರ್ಟಲ್ಲಿ ಕೇಸು ಹಾಕಿ ರಾಜಿ ಆಗಿ ದುಡ್ಡು ತಗೊಂಡಿದ್ರೆ ಈ ಯೋಜನೆಯ ಬಾಗಿಲು ಮುಚ್ಚಿಹೋಗುತ್ತೆ. ಲಾಯರ್‌ಗೆ ತೋರಿಸ್ದೆ ಯಾವ ಕಾಗದಕ್ಕೂ ಸೈನ್ ಬೇಡ.

ಯಾವ ವ್ಯಾಕ್ಸಿನ್, ಎಲ್ಲಿ ಹಾಕಿಸಿದ್ದು

ಪ್ರತಿ ವರ್ಷದ ಫ್ಲೂ, ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮು ತಡೆಯೋ ಟಿಡ್ಯಾಪ್, ಹೆಪಟೈಟಿಸ್ ಎ ಮತ್ತು ಬಿ, ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ, ಎಂಎಂಆರ್, ಚಿಕನ್ ಪಾಕ್ಸ್, ಮೆನಿಂಜೈಟಿಸ್, ನ್ಯುಮೋನಿಯದ ಕಾಂಜುಗೇಟ್ ವ್ಯಾಕ್ಸಿನ್, ಇವೆಲ್ಲ ಯೋಜನೆ ಒಳಗೆ. ಐವತ್ತು ದಾಟಿದೋರು ಹಾಕಿಸ್ಕೊಳ್ಳೋ ಶಿಂಗಲ್ಸ್, ಅಂದ್ರೆ ಸರ್ಪಸುತ್ತಿನ ವ್ಯಾಕ್ಸಿನ್ ಹೊರಗೆ. ನ್ಯುಮೋನಿಯಾದಲ್ಲೇ ಪಿಪಿಎಸ್‌ವಿ23 ಅನ್ನೋ ಹಳೇ 23 ನಂಬರಿನದು ಹೊರಗೆ, ಹಾಗಾಗಿ ನ್ಯುಮೋನಿಯಾ ಶಾಟ್ ಅಂತಷ್ಟೇ ಹೇಳಿದ್ರೆ ಸಾಲದು, ಯಾವುದು ಅಂತ ರೆಕಾರ್ಡಲ್ಲಿ ನೋಡಿ. ಪ್ರಯಾಣಕ್ಕೆ ಮೊದಲು ಹಾಕಿಸ್ಕೊಳ್ಳೋ ಟೈಫಾಯ್ಡ್, ರೇಬೀಸ್, ಯೆಲ್ಲೋ ಫೀವರ್ ಹೊರಗೆ, ಅದೇ ದಿನ ಅದೇ ಟ್ರಾವೆಲ್ ಕ್ಲಿನಿಕ್ಕಲ್ಲಿ ಚುಚ್ಚಿದ ಹೆಪಟೈಟಿಸ್ ಎ ಒಳಗೆ, ನೋಡಿ ಹೆಂಗಿದೆ. ಹೊರಗಿರೋವಕ್ಕೆ ಮಾಮೂಲಿ ರಾಜ್ಯದ ಕೋರ್ಟಲ್ಲಿ ನಿರ್ಲಕ್ಷ್ಯದ ಕೇಸೇ ಗತಿ, ಅದರ ಗಡುವು, ನಿಯಮ ಎಲ್ಲ ರಾಜ್ಯಕ್ಕೊಂದು ಥರ.

ಕೋವಿಡ್ ವ್ಯಾಕ್ಸಿನ್ನಿಂದ ಆದ ಭುಜ ನೋವು ಬೇರೆ ಯೋಜನೆಗೆ ಹೋಗುತ್ತೆ, ಸಿಐಸಿಪಿ ಅಂತ. ಅದರಲ್ಲಿ ಕೋರ್ಟ್ ಇಲ್ಲ, ಇಲಾಖೆಯೇ ತೀರ್ಮಾನ ಮಾಡುತ್ತೆ, ನೋವಿಗೆ ಅಂತ ಪ್ರತ್ಯೇಕ ದುಡ್ಡಿಲ್ಲ, ಲಾಯರ್ ಫೀಸೂ ಕೊಡಲ್ಲ, ಗಡುವು ವ್ಯಾಕ್ಸಿನ್ ಹಾಕಿಸ್ಕೊಂಡ ದಿನದಿಂದ ಬರೀ ಒಂದು ವರ್ಷ. ಒಂದೇ ದಿನ ಫ್ಲೂ, ಕೋವಿಡ್ ಎರಡೂ ಹಾಕಿಸ್ಕೊಂಡಿದ್ರೆ ಯಾವುದು ಯಾವ ಕೈಗೆ ಅಂತ ಈಗ್ಲೇ ಬರೆದಿಟ್ಕೊಳಿ, ಎರಡೂ ಒಂದೇ ಕೈಗಾಗಿದ್ರೆ ಯಾವುದರಿಂದ ನೋವು ಬಂತು ಅನ್ನೋ ಜಗಳ ಶುರುವಾಗುತ್ತೆ.

ನಮ್ಮೋರಿಗೆ ಇರೋ ಇನ್ನೊಂದು ಅನುಮಾನ, ಸಿಟಿಜನ್ ಅಲ್ಲ, ಎಚ್1ಬಿಲಿ ಇದೀನಿ, ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾಗ ಹಾಕಿಸಿದ್ದು, ನಮಗೆ ಆಗುತ್ತಾ ಅಂತ. ಆಗುತ್ತೆ. ವ್ಯಾಕ್ಸಿನ್ ಅಮೆರಿಕದಲ್ಲಿ ಚುಚ್ಚಿದ್ರೆ ಸಾಕು, ಪೌರತ್ವ ಕೇಳಲ್ಲ.

ಐದಾರು ಷರತ್ತು, ಎರಡು ತಾರೀಕು

ಸರ್ಕಾರದ ಹತ್ರ ಒಂದು ಪಟ್ಟಿ ಇದೆ, ಯಾವ ವ್ಯಾಕ್ಸಿನ್ನಿಗೆ ಯಾವ ತೊಂದ್ರೆ ಎಷ್ಟು ಹೊತ್ತಿನೊಳಗೆ ಬಂದ್ರೆ ವ್ಯಾಕ್ಸಿನ್ನೇ ಕಾರಣ ಅಂತ ಒಪ್ಕೊತೀವಿ ಅನ್ನೋ ಪಟ್ಟಿ. 2017ರ ಮಾರ್ಚಲ್ಲಿ ಸಿರ್ವಾನ ಅದಕ್ಕೆ ಸೇರಿಸಿದ್ರು. ಮಧ್ಯೆ 2021ರ ಜನವರಿಯಲ್ಲಿ ತೆಗೆದುಹಾಕೋ ನಿಯಮ ಹೊರಡಿಸಿ, ಅದೇ ಏಪ್ರಿಲ್‌ನಲ್ಲಿ ಸರ್ಕಾರ ಬದಲಾದ್ಮೇಲೆ ಆ ನಿಯಮಾನ ವಾಪಸ್ ತಗೊಂಡ್ರು, ಹಳೇ ಲೇಖನ ಓದಿ ಸಿರ್ವಾ ಪಟ್ಟಿಯಿಂದ ಹೋಯ್ತಂತೆ ಅಂತ ಹೇಳೋರು ಈಗ್ಲೂ ಸಿಗ್ತಾರೆ, ನಂಬಬೇಡಿ.

ಪಟ್ಟಿ ಪ್ರಕಾರ ಗೆಲ್ಲೋಕೆ ಬೇಕಾಗಿರೋದು ಇಷ್ಟು: ಆ ಭುಜದಲ್ಲಿ ಈಗಿನ ನೋವಿಗೆ ಕಾರಣ ಅನ್ನಿಸೋ ಅಂಥ ಹಳೇ ತೊಂದ್ರೆ ಇರಬಾರದು, ವ್ಯಾಕ್ಸಿನ್ ಆಗಿ 48 ಗಂಟೆ ಒಳಗೆ ನೋವು ಶುರುವಾಗಿರಬೇಕು, ನೋವು ಮತ್ತು ಕೈ ಆಡಿಸೋಕಾಗದಿರೋದು ಚುಚ್ಚಿದ ಭುಜಕ್ಕೆ ಮಾತ್ರ ಸೀಮಿತ ಆಗಿರಬೇಕು, ಕತ್ತಿನ ನರ ಒತ್ತಿರೋದು ಥರ ಬೇರೆ ಕಾರಣ ಇರಬಾರದು. ಕುತ್ತಿಗೆಯಿಂದ ಬೆರಳ ತುದಿವರೆಗೂ ಜುಮ್ಮೆನ್ನುತ್ತೆ ಅಂತ ನೀವೇ ಡಾಕ್ಟರಿಗೆ ಉತ್ಪ್ರೇಕ್ಷೆ ಮಾಡಿ ಹೇಳಿದ್ರೆ ಮೂರನೇದು ನಾಲ್ಕನೇದು ಎರಡಕ್ಕೂ ಕಲ್ಲು ಹಾಕ್ಕೊಂಡ ಹಾಗೆ. ಇದ್ರೆ ಇದೆ ಅನ್ನಿ, ಇಲ್ಲದ್ದನ್ನ ಸೇರಿಸಬೇಡಿ. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಕೇಸು ಸತ್ತೋಯ್ತು ಅಂತಲ್ಲ, ಪಟ್ಟಿ ಬಿಟ್ಟು ವ್ಯಾಕ್ಸಿನ್ನೇ ಕಾರಣ ಅಂತ ಸಾಕ್ಷಿ ಸಮೇತ ತೋರಿಸೋ ಇನ್ನೊಂದು ದಾರಿ ಇದೆ, ಆದ್ರೆ ತಜ್ಞ ವೈದ್ಯರ ಅಭಿಪ್ರಾಯ ಎಲ್ಲ ಬೇಕು, ದೂರದ ದಾರಿ.

ಆಮೇಲೆ ಆರು ತಿಂಗಳ ಷರತ್ತು. ವ್ಯಾಕ್ಸಿನ್ ಆದ ದಿನದಿಂದ ಆರು ತಿಂಗಳು ದಾಟಿದ ಮೇಲೂ ತೊಂದ್ರೆ ಉಳಿದಿರಬೇಕು. ಆಸ್ಪತ್ರೆಗೆ ಅಡ್ಮಿಟ್ ಆಗಿ ಆಪರೇಷನ್ ಆಗಿದ್ರೆ ಆರು ತಿಂಗಳು ಕಾಯ್ಬೇಕಿಲ್ಲ, ಆದ್ರೆ ಭುಜದ ಆಪರೇಷನ್ ಹೆಚ್ಚಾಗಿ ಬೆಳಿಗ್ಗೆ ಹೋಗಿ ಸಂಜೆ ಬರೋದು, ಅದು ಅಡ್ಮಿಟ್ ಲೆಕ್ಕಕ್ಕೆ ಬರಲ್ಲ.

ಗಡುವು ಮೂರು ವರ್ಷ. ಎಣಿಸೋದು ಮೊದಲನೇ ಲಕ್ಷಣ ಕಾಣಿಸಿದ ದಿನದಿಂದ. ಡಾಕ್ಟರ್ ಕಾಯಿಲೆ ಹೆಸರು ಹೇಳಿದ ದಿನದಿಂದ ಅಲ್ಲ, ಎಂಆರ್‌ಐ ಮಾಡಿಸಿದ ದಿನದಿಂದ ಅಲ್ಲ, ಇಂಥದ್ದೊಂದು ಯೋಜನೆ ಇದೆ ಅಂತ ನಿಮಗೆ ಗೊತ್ತಾದ ದಿನದಿಂದಂತೂ ಅಲ್ವೇ ಅಲ್ಲ. ಸಿರ್ವಾದಲ್ಲಿ ನೋವು ಅವತ್ತೋ ಮಾರನೇ ದಿನವೋ ಶುರುವಾಗುತ್ತಲ್ಲ, ಹಾಗಾಗಿ ವ್ಯಾಕ್ಸಿನ್ ಹಾಕಿಸಿದ ತಾರೀಕನ್ನೇ ಲೆಕ್ಕಕ್ಕೆ ಇಟ್ಕೊಂಡು ಮೂರು ವರ್ಷ ಎಣಿಸಿ, ಕ್ಯಾಲೆಂಡರಲ್ಲಿ ಹಾಕ್ಕೊಳಿ. ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನ ಇಲ್ಲ.

ಡಾಕ್ಟರ ಹತ್ರ ಹೇಗೆ ಮಾತಾಡೋದು

ಇದೇ ಇಡೀ ವಿಷಯದ ಹೃದಯ, ನಿಧಾನವಾಗಿ ಓದಿ. ಕಾನೂನಲ್ಲಿ ಸ್ಪಷ್ಟ ಇದೆ, ಅರ್ಜಿದಾರನ ಬಾಯಿಮಾತಿನ ಮೇಲಷ್ಟೇ ಪರಿಹಾರ ಕೊಡೋ ಹಾಗಿಲ್ಲ, ವೈದ್ಯಕೀಯ ದಾಖಲೆನೋ ವೈದ್ಯರ ಅಭಿಪ್ರಾಯಾನೋ ಬೇಕು. ಆ ಹೊತ್ತಲ್ಲೇ ಬರೆದ ದಾಖಲೆಗೆ ಜಾಸ್ತಿ ತೂಕ. ಎರಡು ವರ್ಷ ಆದ್ಮೇಲೆ ನೀವು ಅವತ್ತೇ ನೋವು ಶುರುವಾಯ್ತು ಸ್ವಾಮಿ ಅಂದ್ರೂ, ಅವತ್ತಿನ ಡಾಕ್ಟರ್ ನೋಟ್ಸಲ್ಲಿ ಬೇರೆ ಇದ್ರೆ ನಿಮ್ಮ ಮಾತು ಹಗುರ ಆಗುತ್ತೆ.

ನನ್ನ ಕಥೇಲಿ ಏನಾಯ್ತು ನೋಡಿ. ಹತ್ತು ವಾರ ಕಳೆದ್ಮೇಲೆ ಡಾಕ್ಟರ ಹತ್ರ ಹೋದೆ, ಹೋಗಿದ್ದು ವರ್ಷದ ಮಾಮೂಲಿ ಚೆಕಪ್ಪಿಗೆ, ಬಿಪಿ, ಶುಗರ್ ಎಲ್ಲ ಮಾತಾಡಿ ಎದ್ದು ಬರೋ ಹೊತ್ತಿಗೆ ಹಂಗೇ ಸುಮ್ನೆ ಈ ಭುಜಾನೂ ಸ್ವಲ್ಪ ನೋಯ್ತಿದೆ ಡಾಕ್ಟ್ರೇ ಅಂದೆ. ಎಷ್ಟು ದಿನದಿಂದ ಅಂದ್ರು. ಒಂದು ತಿಂಗಳ ಮೇಲಾಯ್ತು ಅಂದೆ. ಫ್ಲೂ ಶಾಟ್ ವಿಷಯ ಎತ್ತಲೇ ಇಲ್ಲ, ಡಾಕ್ಟರ ಮುಂದೆ ಇಂಜೆಕ್ಷನ್ ಬಗ್ಗೆ ದೂರು ಹೇಳೋದು ಸರಿ ಕಾಣಲ್ಲ ಅನ್ನೋ ನಮ್ಮ ಸಂಕೋಚ ಇರುತ್ತಲ್ಲ, ಅದು. ಅವರು ಟೈಪ್ ಮಾಡಿದ್ದು ಒಂದೇ ಸಾಲು: ಎಡ ಭುಜದಲ್ಲಿ ಅಲ್ಪ ನೋವು, ಸುಮಾರು ಒಂದು ತಿಂಗಳಿಂದ, ಪೆಟ್ಟಾಗಿಲ್ಲ. ಮುಂದೆ ಸರ್ಕಾರದ ಕಡೆಯ ಲಾಯರ್ ಬರೆದ ವರದೀಲಿ ಈ ಸಾಲನ್ನೇ ಎತ್ತಿ ಹಿಡಿದ್ರು, ವ್ಯಾಕ್ಸಿನ್ ಅಕ್ಟೋಬರಲ್ಲಿ, ನೋವು ನವೆಂಬರಲ್ಲಿ, 48 ಗಂಟೆ ಎಲ್ಲಿ ಬಂತು ಅಂತ. ಅಲ್ಪ ನೋವು ಅನ್ನೋ ಪದಾನೂ ಬಿಡ್ಲಿಲ್ಲ. ಬೆಲ್ಟ್ ಎಳ್ಕೊಳೋಕಾಗ್ದೆ ಕಣ್ಣಲ್ಲಿ ನೀರು ಬಂದಿದ್ದು ನನಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ವಲ್ಲ.

ಹಾಗಾಗಿ ನೀವು ಹೋಗುವಾಗ ಭುಜಕ್ಕೇ ಅಂತ ಪ್ರತ್ಯೇಕ ಅಪಾಯಿಂಟ್ಮೆಂಟ್ ತಗೊಳಿ. ಬಾಯಿ ಬಿಟ್ಟು ಹೇಳಿ: ಇಂಥ ತಾರೀಕು, ಇಂಥ ವ್ಯಾಕ್ಸಿನ್, ಎಡಗೈಗೆ ಹಾಕಿಸ್ಕೊಂಡೆ, ಅವತ್ತು ರಾತ್ರಿಯಿಂದ ನೋವು, ಅದಕ್ಕೆ ಮುಂಚೆ ಈ ಭುಜದಲ್ಲಿ ಏನೂ ಇರಲಿಲ್ಲ. ಕೈ ಎಲ್ಲಿವರೆಗೆ ಏಳುತ್ತೆ ಅಂತ ಎತ್ತಿ ತೋರಿಸಿ, ಅಳತೆ ಬರ್ಕೊಳಿ ಅನ್ನಿ, ಎಷ್ಟು ಡಿಗ್ರಿ ಅಂತ ಸಂಖ್ಯೆಯಲ್ಲಿ ಬಿದ್ರೆ ಒಳ್ಳೇದು. ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದ್ರೆ ನಮ್ಮೋರು ಏಳಿದ್ರೂ ಮೂರು ಅಂತಾರೆ, ಗಟ್ಟಿಗರು ಅನ್ನಿಸ್ಕೊಳ್ಳೋಕೋ ಏನೋ, ಬೇಡ, ಇರೋದನ್ನ ಹೇಳಿ. ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ, ಮಗು ಎತ್ಕೊಳ್ಳೋಕಾಗುತ್ತಾ, ತಲೆ ಬಾಚ್ಕೊಳ್ಳೋಕಾಗುತ್ತಾ, ಅದೂ ಹೇಳಿ. ಮನೆಗೆ ಬಂದ ಸಂಜೆನೇ ಪೇಶಂಟ್ ಪೋರ್ಟಲ್ಲಿಗೆ ಹೋಗಿ ಅವರು ಏನು ಬರೆದಿದ್ದಾರೆ ಓದಿ. ತಾರೀಕು ತಪ್ಪಿದ್ರೆ, ಎಡ ಬಲ ಅದಲು ಬದಲಾಗಿದ್ರೆ, ಪೋರ್ಟಲ್ಲಲ್ಲೇ ಮೆಸೇಜ್ ಹಾಕಿ ತಿದ್ದಿಸಿ, ಆ ಮೆಸೇಜೂ ದಾಖಲೆ ಆಗುತ್ತೆ.

ಎರಡನೇದು, ಚಿಕಿತ್ಸೆ ಮಧ್ಯದಲ್ಲಿ ಬಿಡಬೇಡಿ. ಸಾಮಾನ್ಯವಾಗಿ ಫಿಸಿಯೋಥೆರಪಿ ಬರ್ಕೊಡ್ತಾರೆ, ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ, ಕಮ್ಮಿ ಆಗಿಲ್ಲ ಅಂದ್ರೆ ಎಂಆರ್‌ಐ, ಮೂಳೆ ಡಾಕ್ಟರು. ನಾಲ್ಕು ಸಲ ಥೆರಪಿಗೆ ಹೋಗಿ, ಕೋ ಪೇ ಜಾಸ್ತಿ ಅಂತಲೋ ಮನೇಲೇ ವ್ಯಾಯಾಮ ಮಾಡ್ತೀನಿ ಅಂತಲೋ ಬಿಟ್ಟು, ಏಳು ತಿಂಗಳು ದಾಖಲೆನೇ ಇಲ್ಲ ಅಂದ್ರೆ ಸರ್ಕಾರದ ಕಡೆಯವರು ಕೇಳೋದು ಒಂದೇ, ವಾಸಿ ಆಗಿತ್ತು ಅಲ್ವಾ. ಆರು ತಿಂಗಳ ಷರತ್ತು ಅಲ್ಲೇ ಜಾರುತ್ತೆ. ನೋವಿದ್ರೆ ಆರು ತಿಂಗಳು ದಾಟಿದ ಮೇಲೆ ಒಂದ್ಸಲನಾದ್ರೂ ಹೋಗಿ ತೋರಿಸಿ. ನೋವಿಲ್ಲ ಅಂದ್ರೆ ಸಂತೋಷ ಪಡಿ, ಕೇಸಿಗೋಸ್ಕರ ನೋವು ಹುಟ್ಟಿಸ್ಕೊಳ್ಳೋದು ಬೇಡ, ಅದು ಸಿಕ್ಕಿಬೀಳುತ್ತೆ ಕೂಡ.

ಈಗಾಗ್ಲೇ ತಡ ಆಗಿದ್ರೆ, ದಾಖಲೆ ತಪ್ಪಾಗಿದ್ರೆ

ನನ್ನ ಥರದವರಿಗೆ ಕಾನೂನಲ್ಲೇ ಒಂದು ಕಿಟಕಿ ಇದೆ. ಲಕ್ಷಣ ಶುರುವಾದ ಸಮಯ ದಾಖಲಾಗದೇ ಇದ್ರೂ, ತಪ್ಪಾಗಿ ದಾಖಲಾಗಿದ್ರೂ, ಮಿಕ್ಕ ಸಾಕ್ಷಿ ನೋಡಿ ಆ 48 ಗಂಟೆ ಒಳಗೇ ಶುರುವಾಗಿದೆ ಅಂತ ಸ್ಪೆಷಲ್ ಮಾಸ್ಟರ್ ತೀರ್ಮಾನ ಮಾಡಬಹುದು. 2021ರಲ್ಲಿ ಕರ್ಬಿ ಅನ್ನೋ ಕೇಸಲ್ಲಿ ಮೇಲಿನ ಕೋರ್ಟ್ ಇನ್ನೂ ಒಂದು ಮಾತು ಹೇಳ್ತು, ಡಾಕ್ಟರ್ ದಾಖಲೇಲಿ ಒಂದು ಲಕ್ಷಣದ ಬಗ್ಗೆ ಬರೆದಿಲ್ಲ ಅಂದಾಕ್ಷಣ ಆ ಲಕ್ಷಣ ಇರಲೇ ಇಲ್ಲ ಅಂತ ಹಿಡ್ಕೊಳ್ಳೋ ಹಾಗಿಲ್ಲ ಅಂತ.

ಮಿಕ್ಕ ಸಾಕ್ಷಿ ಅಂದ್ರೆ ಏನು? ನನ್ನನ್ನ ಉಳಿಸಿದ್ದು ಒಂದು ವಾಟ್ಸಾಪ್ ಮೆಸೇಜು. ಶಾಟ್ ಆದ ಮಾರನೇ ದಿನ ಸಂಜೆ ಗೆಳೆಯ ಬ್ಯಾಡ್ಮಿಂಟನ್‌ಗೆ ಬರ್ತೀಯಾ ಅಂತ ಕೇಳಿದ್ದಕ್ಕೆ ನಾನು ಬರೆದಿದ್ದೆ, ಇಲ್ಲ ಮಾರಾಯ, ನಿನ್ನೆ ಫ್ಲೂ ಶಾಟ್ ಹಾಕಿಸ್ಕೊಂಡೆ, ಎಡಗೈ ಎತ್ತೋಕೇ ಆಗ್ತಿಲ್ಲ. ತಾರೀಕು, ಗಂಟೆ, ನಿಮಿಷ ಎಲ್ಲ ಇತ್ತು. ಕನ್ನಡದಲ್ಲಿತ್ತಲ್ಲ, ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗೆ ಲಗತ್ತಿಸ್ಬೇಕಾಯ್ತು, ಮಾರಾಯ ಅನ್ನೋದನ್ನ ಹೆಂಗೆ ಅನುವಾದಿಸೋದು ಅಂತ ಲಾಯರ್ ಆಫೀಸಿನೋರು ಫೋನ್ ಮಾಡಿ ಕೇಳಿದ್ರು. ಅದರ ಜೊತೆ ಹೆಂಡತಿದೊಂದು, ಗೆಳೆಯನದೊಂದು ಪ್ರಮಾಣಪತ್ರ ಕೊಟ್ವಿ, ಅವರು ಕಣ್ಣಾರೆ ನೋಡಿದ್ದನ್ನಷ್ಟೇ ಬರೆದಿದ್ರು, ಕಾರಲ್ಲಿ ಬೆಲ್ಟ್ ಹಾಕ್ಕೊಡ್ತಿದ್ದೆ, ಕೋಟು ಹಾಕಿಸ್ತಿದ್ದೆ ಅಂತ. ನೀವೂ ಹುಡುಕಿ: ಮೆಸೇಜು, ಇಮೇಲು, ನೋವಿನ ಮಾತ್ರೆ ತಗೊಂಡ ರಸೀದಿ, ಜಿಮ್ ಕ್ಯಾನ್ಸಲ್ ಮಾಡಿದ್ದು, ಫಾರ್ಮಸಿಗೆ ಫೋನ್ ಮಾಡಿ ಕೇಳಿದ್ದು. ಫೋನ್ ಬದಲಾಯಿಸೋ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಾಗದ ಕೂಡಿಸೋದು

ಮೊದಲು ಬೇಕಾಗಿರೋದು ವ್ಯಾಕ್ಸಿನ್ ಚುಚ್ಚಿದ್ದಕ್ಕೆ ಪುರಾವೆ. ಫಾರ್ಮಸಿಯಲ್ಲಿ ಅವತ್ತು ನೀವು ಸೈನ್ ಹಾಕಿದ ಒಪ್ಪಿಗೆ ಫಾರಂ ಇರುತ್ತೆ, ಅದರ ಕೆಳಗೆ ಅವರು ತುಂಬಿರ್ತಾರೆ, ತಯಾರಕರು, ಲಾಟ್ ನಂಬರ್, ತಾರೀಕು, ಚುಚ್ಚಿದವರ ಹೆಸರು. ಇಷ್ಟನ್ನ ಬರೆದಿಡಲೇಬೇಕು ಅಂತ ಫೆಡರಲ್ ಕಾನೂನಿದೆ. ಯಾವ ಕೈ ಅನ್ನೋದು ಆ ಕಡ್ಡಾಯ ಪಟ್ಟೀಲಿ ಇಲ್ಲ, ಅದಕ್ಕೇ ಎಷ್ಟೋ ಸಲ ಅದು ಖಾಲಿ ಇರುತ್ತೆ ಇಲ್ಲಾ ಅಭ್ಯಾಸಬಲದಿಂದ ಎಲ್ಲರಿಗೂ ಎಡ ಅಂತಲೇ ಟಿಕ್ ಬಿದ್ದಿರುತ್ತೆ. ರಸೀದಿ ಸಾಲದು, ಪೂರ್ತಿ ವ್ಯಾಕ್ಸಿನ್ ದಾಖಲೆ ಕೊಡಿ ಅಂತ ಬರಹದಲ್ಲೇ ಕೇಳಿ.

ಆಮೇಲೆ ಡಾಕ್ಟರುಗಳದ್ದು. ವ್ಯಾಕ್ಸಿನ್ನಿಗೆ ಮುಂಚಿನ ಮೂರು ವರ್ಷದ್ದೂ ಬೇಕು, ಹಳೇ ಭುಜ ನೋವು ಇರಲಿಲ್ಲ ಅಂತ ತೋರಿಸೋಕೆ, ಆಮೇಲಿಂದು ಇವತ್ತಿನವರೆಗೆ ಪೂರ್ತಿ ಬೇಕು, ಥೆರಪಿಯ ಪ್ರತಿ ದಿನದ ನೋಟ್ಸ್ ಸಮೇತ. ವೈದ್ಯಕೀಯ ದಾಖಲೆಗಳ ಗೌಪ್ಯತೆಗೆ ಇರೋ ಹಿಪಾ ಕಾನೂನಿನ ಪ್ರಕಾರ ನಿಮ್ಮ ದಾಖಲೆ ನೀವು ಕೇಳಿದ್ರೆ 30 ದಿನದೊಳಗೆ ಉತ್ತರ ಕೊಡಬೇಕು. ಹಳೇ ಭುಜ ನೋವು ನಿಜವಾಗ್ಲೂ ಇತ್ತು ಅಂದ್ರೆ ಮುಚ್ಚಿಡಬೇಡಿ, ಲಾಯರ್‌ಗೆ ಮೊದಲೇ ಹೇಳಿ. ಎಂಟು ವರ್ಷದ ಹಿಂದೆ ಉಳುಕಿ ವಾಸಿಯಾಗಿದ್ದು ಕೇಸನ್ನ ಕೆಡಿಸಲ್ಲ, ಮುಚ್ಚಿಟ್ಟಿದ್ದು ಹೊರಗೆ ಬಂದ್ರೆ ಕೆಡಿಸುತ್ತೆ.

ವೇರ್ಸ್ ಅಂತ ಸರ್ಕಾರಿ ವರದಿ ವ್ಯವಸ್ಥೆ ಇದೆ, ವ್ಯಾಕ್ಸಿನ್ ಅಡ್ಡಪರಿಣಾಮ ತಿಳಿಸೋಕೆ. ಅಲ್ಲಿ ತುಂಬೋದು ಒಳ್ಳೇದೇ, ಆದ್ರೆ ಅದು ಪರಿಹಾರದ ಅರ್ಜಿ ಅಲ್ಲ. ಅಲ್ಲಿ ತುಂಬಿ, ಸರ್ಕಾರದೋರು ಫೋನ್ ಮಾಡ್ತಾರೆ ಅಂತ ಕಾಯ್ತಾ ಕೂತು ಮೂರು ವರ್ಷ ಕಳ್ಕೋಬೇಡಿ.

ಲಾಯರ್, ಫೀಸು

ಒಳ್ಳೆ ಸುದ್ದಿ ಇಲ್ಲಿದೆ. ಲಾಯರ್ ಫೀಸನ್ನ ಯೋಜನೆನೇ ಕೊಡುತ್ತೆ, ನಿಮ್ಮ ಪರಿಹಾರದಿಂದ ಕಾಲು ಭಾಗ, ಮೂರನೇ ಒಂದು ಭಾಗ ಅಂತ ಮುರ್ಕೊಳ್ಳೋ ಹಾಗಿಲ್ಲ. ಸೋತ್ರೂ, ಕೇಸು ಪ್ರಾಮಾಣಿಕವಾಗಿ ಹಾಕಿದ್ದು, ಅದಕ್ಕೆ ತಕ್ಕ ಆಧಾರ ಇತ್ತು ಅಂತ ಕಂಡುಬಂದ್ರೆ ಫೀಸು ಸಿಗುತ್ತೆ. ಹಾಗಾಗಿ ಗೆದ್ರೆ ಇಷ್ಟು ಪರ್ಸೆಂಟ್ ಕೊಡಿ ಅಂತ ಯಾರಾದ್ರೂ ಕಾಗದ ಮುಂದಿಟ್ರೆ ಎದ್ದು ಬನ್ನಿ, ಅವರಿಗೆ ಈ ಕೆಲಸ ಗೊತ್ತಿಲ್ಲ ಇಲ್ಲಾ ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ.

ಈ ಕೋರ್ಟಲ್ಲಿ ವಾದಿಸೋಕೆ ಪ್ರತ್ಯೇಕ ಅನುಮತಿ ಬೇಕು, ಕಾರ್ ಆಕ್ಸಿಡೆಂಟ್ ನೋಡ್ಕೊಳ್ಳೋ ನಿಮ್ಮೂರಿನ ಲಾಯರ್ ಹತ್ರ ಅದು ಇರದೇ ಇರಬಹುದು. ವ್ಯಾಕ್ಸಿನ್ ಕೇಸು ಮಾಡೋ ಲಾಯರುಗಳ ಪಟ್ಟಿ ಕೋರ್ಟಿನ ವೆಬ್‌ಸೈಟಲ್ಲೇ ಇದೆ, ಬೇರೆ ರಾಜ್ಯದವರಾದ್ರೂ ಪರವಾಗಿಲ್ಲ, ಎಲ್ಲ ಫೋನು ಇಮೇಲಲ್ಲೇ ನಡೆಯುತ್ತೆ. ಇಂಥ ಕೇಸು ಎಷ್ಟು ಮಾಡಿದ್ದೀರಾ, ನನ್ನ ಫೈಲ್ ದಿನಾ ನೋಡೋರು ಯಾರು, ದಾಖಲೆ ತರಿಸೋರು ನೀವಾ ನಾನಾ ಅಂತ ಕೇಳಿ. ಗಡುವಿಗೆ ಎರಡು ವಾರ ಇದೆ ಅನ್ನುವಾಗ ಹೋದ್ರೆ ಯಾರೂ ಮುಟ್ಟಲ್ಲ. ಲಾಯರ್ ಇಲ್ಲದೆ ನೀವೇ ಹಾಕೋಕೂ ಅವಕಾಶ ಇದೆ, ಆದ್ರೆ ಫೀಸು ನಿಮ್ಮ ಜೇಬಿಂದ ಹೋಗಲ್ಲ ಅಂದ್ಮೇಲೆ ಆ ತಲೆನೋವು ಯಾಕೆ ಅಂತ ನನ್ನ ಅಭಿಪ್ರಾಯ.

ಅರ್ಜಿ ಹಾಕಿದ್ಮೇಲೆ

ಕೋರ್ಟಿಗೆ ಕಟ್ಟೋ ಶುಲ್ಕ 405 ಡಾಲರ್, ಆಮೇಲೆ ಖರ್ಚಿನ ಲೆಕ್ಕದಲ್ಲಿ ವಾಪಸ್ ಕೇಳಬಹುದು. ಅರ್ಜಿ ಜೊತೆ ದಾಖಲೆಗಳು, ನಿಮ್ಮ ಪ್ರಮಾಣಪತ್ರ ಎಲ್ಲ ಹೋಗುತ್ತೆ. ದಾಖಲೆ ಪೂರ್ತಿ ಇದೆಯಾ ಅಂತ ಕೋರ್ಟ್ ನೋಡುತ್ತೆ, ಆಮೇಲೆ ಆರೋಗ್ಯ ಇಲಾಖೆಯ ವೈದ್ಯರು ಓದ್ತಾರೆ, ನಂತರ ನ್ಯಾಯ ಇಲಾಖೆಯ ಲಾಯರ್ ತಮ್ಮ ನಿಲುವನ್ನ ಒಂದು ವರದೀಲಿ ಬರೀತಾರೆ, ಒಪ್ತೀವಿ ಅಥವಾ ಒಪ್ಪಲ್ಲ ಅಂತ. ಒಪ್ಪಲ್ಲ ಅಂದ್ರೂ ಹೆದರ್ಕೋಬೇಡಿ, ಅದರ ಮಧ್ಯೆನೇ ರಾಜಿ ಮಾತುಕತೆ ನಡೆಯುತ್ತೆ, ಈ ಯೋಜನೇಲಿ ಕೊಡೋ ಪರಿಹಾರದಲ್ಲಿ ಹೆಚ್ಚು ಪಾಲು ರಾಜಿಯಲ್ಲೇ ಮುಗಿಯೋದು. ನಾನು ಒಂದು ದಿನಾನೂ ವಾಷಿಂಗ್ಟನ್‌ಗೆ ಹೋಗ್ಲಿಲ್ಲ. ಸಮಯ ಮಾತ್ರ ಹಿಡಿಯುತ್ತೆ, ಎರಡು ಮೂರು ವರ್ಷ ಅಂತ ಮನಸ್ಸು ಗಟ್ಟಿ ಮಾಡ್ಕೊಳಿ. ತಿಂಗಳುಗಟ್ಟಲೆ ಏನೂ ಸದ್ದೇ ಇರಲ್ಲ, ಲಾಯರ್‌ಗೆ ವಾರ ವಾರ ಫೋನ್ ಮಾಡಿ ಪ್ರಯೋಜನ ಇಲ್ಲ.

ದುಡ್ಡು ಎಷ್ಟು ಅಂದ್ರೆ, ನೋವು ಸಂಕಟದ ಬಾಬ್ತಿಗೆ ಕಾನೂನಲ್ಲಿ ಮಿತಿ ಎರಡೂವರೆ ಲಕ್ಷ ಡಾಲರ್, ಅದು ತೀರಾ ಭೀಕರ ಕೇಸುಗಳಿಗೆ. ಸರ್ಜರಿ ಇಲ್ಲದ ಭುಜದ ಕೇಸಲ್ಲಿ ಹೆಚ್ಚಾಗಿ ಒಂದು ಲಕ್ಷಕ್ಕಿಂತ ಕಮ್ಮಿನೇ ಇರುತ್ತೆ, ಸರ್ಜರಿ ಆಗಿದ್ರೆ ಲಕ್ಷದ ಆಚೆ ಈಚೆ. ಜೊತೆಗೆ ಇನ್ಶೂರೆನ್ಸ್ ಕೊಡದ ಡಾಕ್ಟರ್ ಖರ್ಚು, ಕಳ್ಕೊಂಡ ಸಂಬಳ ಸೇರುತ್ತೆ, ಅದಕ್ಕೇ ಕೋ ಪೇ ರಸೀದಿ, ರಜೆ ಹಾಕಿದ ಲೆಕ್ಕ ಎಲ್ಲ ಒಂದು ಕಡೆ ಇಡಿ. ತೀರ್ಪು ಬಂದ್ಮೇಲೆ ಒಪ್ತೀರೋ ಬಿಡ್ತೀರೋ ಅಂತ ಹೇಳೋಕೆ 90 ದಿನ ಇರುತ್ತೆ, ಬೇಡ ಅಂದ್ರೆ ಆಗ ಮಾಮೂಲಿ ಕೋರ್ಟಿಗೆ ಹೋಗಬಹುದು. ಎರಡೂ ಕಡೆಯವರು ಅಪೀಲ್ ಹೋಗಲ್ಲ ಅಂತ ಬರ್ಕೊಟ್ರೆ ದುಡ್ಡು ಬೇಗ ಬರುತ್ತೆ.

ಯಾರೂ ಹೇಳದ ಒಂದು ವಿಷಯ, ತೀರ್ಮಾನಗಳು ಕೋರ್ಟಿನ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಹೋಗುತ್ತೆ, ಹೆಸರು, ಗಾಯ, ಮೊತ್ತ ಸಮೇತ. ಖಾಸಗಿ ವೈದ್ಯಕೀಯ ವಿವರ ಅಳಿಸಿ ಅಂತ ಕೇಳೋಕೆ 14 ದಿನ ಮಾತ್ರ ಅವಕಾಶ, ಬೇಕಿದ್ರೆ ಲಾಯರ್‌ಗೆ ಮೊದಲೇ ಹೇಳಿಡಿ. ನನಗೆ ಎಷ್ಟು ಬಂತು ಅಂತ ಕೇಳೋ ನೆಂಟರಿಗೆ ನಾನು ಹೇಳಿಲ್ಲ, ಅವರಲ್ಲಿ ಒಬ್ಬರು ಹುಡುಕಿ ನೋಡ್ಕೊಂಡು ಬಂದು ನನಗೇ ಹೇಳಿದ್ರು.

ಈಗ ಪ್ರತಿ ಅಕ್ಟೋಬರಲ್ಲಿ ಫ್ಲೂ ಶಾಟಿಗೆ ಹೋಗುವಾಗ ಸಡಿಲ ಟೀ ಶರ್ಟ್ ಹಾಕ್ಕೊಂಡು ಹೋಗ್ತೀನಿ, ತೋಳು ಭುಜದವರೆಗೂ ಪೂರ್ತಿ ಮಡಚ್ತೀನಿ, ಚುಚ್ಚೋರಿಗೆ ನೀವೂ ಕೂತ್ಕೊಂಡೇ ಚುಚ್ಚಿ ಅಂತೀನಿ, ಬಲಗೈ ಅಂತ ಫಾರಮ್ಮಲ್ಲಿ ಬರೆದಿದ್ದನ್ನ ನೋಡಿ, ಒಂದು ಫೋಟೋ ತಕ್ಕೊಂಡೇ ಎದ್ದು ಬರ್ತೀನಿ.